ಎರವಲು ಕಣ್ಣೀರು, ಎರವಲು ನಗೆ

ಸತ್ತವರ ವಿಷಯದಲ್ಲಿ ಕೆಟ್ಟದ್ದನ್ನಾಡಬಾರದೆಂಬದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ರೂಢಿಯು. ನೆರೆಮನೆಯ ಹಿರಿಯರು ತೀರಿಕೊಂಡಾಗ ಈ ರೂಢಿಯು ಸೌಜನ್ಯವೇ ಸರಿ. ಆದರೆ ಒಂದು ರಾಷ್ಟ್ರದ ಸೂತ್ರಗಳನ್ನು ಅರ್ಧ ಶತಮಾನದವರೆಗೆ ಒಂದೇ ಕೈಯಲ್ಲಿ ಹಿಡಿದಿದ್ದ ಪುರುಷನು ಕಣ್ಮುಚ್ಚಿದಾಗ ಮೌನವು ಸೌಜನ್ಯವಾಗಲಾರದು. ಬರಿಯ ಸ್ತುತಿಯು ಕೃತಜ್ಞತೆಯಾಗಲಾರದು. ಬರಿಯ ನಿಂದೆಯು ನ್ಯಾಯವಾಗಲಾರದು. ಆಳಿದವನ ದೇಹವು ಬೂದಿಯಾಗಬಹುದು, ಅವನ ಆಳಿಕೆಯು ಬೂದಿಯಾಗುವದಿಲ್ಲ. ಅದು ಶಾಲೆಗಳಾಗಿ, ಆಸ್ಪತ್ರೆಗಳಾಗಿ, ಸೆರೆಮನೆಗಳಾಗಿ, ಜನರ ಅಭಿಮಾನವಾಗಿ, ಜನರ ಅಂಜಿಕೆಯಾಗಿ ಉಳಿದೇ ಉಳಿಯುತ್ತದೆ. ಆದುದರಿಂದ ಅದನ್ನು ತೂಗಿ ನೋಡುವದು ಬದುಕಿದವರ ಹಕ್ಕು ಮಾತ್ರವಲ್ಲ, ಕರ್ತವ್ಯವೂ ಆಗಿರುವದು.

೨೦೧೬ನೆಯ ಇಸವಿಯ ನವೆಂಬರ ೨೫ನೆಯ ತಾರೀಖಿಗೆ ಕ್ಯೂಬಾ ದ್ವೀಪದ ಫಿಡೆಲ್ ಕ್ಯಾಸ್ಟ್ರೋ ಅವರು ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ೧೯೫೯ರಲ್ಲಿ ಬಟಿಸ್ಟಾನ ಸರ್ವಾಧಿಕಾರವನ್ನು ಕಿತ್ತೊಗೆದು ಅಧಿಕಾರಕ್ಕೆ ಬಂದ ಅವರು ೨೦೦೬ರಲ್ಲಿ ಅಸ್ವಸ್ಥರಾಗಿ ತಮ್ಮ ಸೋದರ ರೌಲ್ ಅವರಿಗೆ ಅಧಿಕಾರವನ್ನೊಪ್ಪಿಸಿ, ೨೦೦೮ರಲ್ಲಿ ಅಧ್ಯಕ್ಷಪದವಿಯನ್ನು ವಿಧಿವತ್ತಾಗಿ ಬಿಟ್ಟುಕೊಟ್ಟಿದ್ದರು. ಕ್ಯೂಬಾದಲ್ಲಿ ಒಂಬತ್ತು ದಿನಗಳ ಶೋಕಾಚರಣೆಯಾಯಿತು. ಚಿತಾಭಸ್ಮವನ್ನು ಹವಾನಾದಿಂದ ಸ್ಯಾಂಟಿಯಾಗೋದವರೆಗೆ ದ್ವೀಪದುದ್ದಕ್ಕೂ ಒಯ್ದಾಗ ಜನರು ದಾರಿಯ ಎರಡೂ ಬದಿಗೆ ನಿಂತು ಕಣ್ಣೀರಿಟ್ಟರು. ಅದೇ ಹೊತ್ತಿಗೆ, ಕಡಲಿನ ಆಚೆಯ ದಂಡೆಯ ಮಾಯಾಮಿ ಪಟ್ಟಣದಲ್ಲಿ, ಆ ದ್ವೀಪವನ್ನು ಬಿಟ್ಟು ಹೋದ ಕುಟುಂಬಗಳವರು ಬೀದಿಗಿಳಿದು ಪಾತ್ರೆಗಳನ್ನು ಬಡಿದು ಕುಣಿದರು. ಅಮೇರಿಕೆಯ ಅಧ್ಯಕ್ಷರಾಗಿ ಆಗತಾನೆ ಚುನಾಯಿತರಾಗಿದ್ದ ಟ್ರಂಪರು ಕ್ಯಾಸ್ಟ್ರೋ ಅವರನ್ನು ಕ್ರೂರ ಸರ್ವಾಧಿಕಾರಿಯೆಂದು ಕರೆದರು. ಕೆನಡಾದ ಪ್ರಧಾನಿ ಟ್ರೂಡೋ ಅವರು ಹೊಗಳಿ, ಆ ಹೊಗಳಿಕೆಗಾಗಿ ಬೈಸಿಕೊಂಡರು. ಭಾರತದ ಪ್ರಧಾನಿ ಮೋದಿಯವರು ಸಂತಾಪವನ್ನು ವ್ಯಕ್ತಪಡಿಸಿದರು. ಅವರ ಸರಕಾರದ ಗೃಹಮಂತ್ರಿ ರಾಜನಾಥ ಸಿಂಗರು ಕಮ್ಯುನಿಸ್ಟ್ ಪಕ್ಷಗಳ ಮುಖಂಡರನ್ನೂ ಕೂಡಿಸಿಕೊಂಡು ಹವಾನಾಕ್ಕೆ ಹೋಗಿಬಂದರು.

ಹವಾನಾದವರು ಅತ್ತುದಕ್ಕೆ ಅವರ ಕಾರಣವುಂಟು; ಮಾಯಾಮಿಯವರು ನಕ್ಕುದಕ್ಕೂ ಅವರ ಕಾರಣವುಂಟು. ಅತ್ತವರು ಆ ಆಳಿಕೆಯ ಅನ್ನವನ್ನುಂಡವರು, ನಕ್ಕವರು ಆ ಆಳಿಕೆಯ ಪೆಟ್ಟನ್ನುಂಡವರು. ನಾವು ಇಂದು ಕೇಳಬಯಸುವ ಪ್ರಶ್ನೆಯು ಬೇರೆ. ಬೆಂಗಳೂರಿನ ಹೊರವಲಯದಲ್ಲಿ, ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳೆಂಬ ಮೂರು ದುಡಿಮೆಯ ನೆಲೆಗಳಲ್ಲಿ, ಇಂತಹ ಮರಣದ ಸುದ್ದಿ ಬಂದಾಗ ಅಳುವವರೂ ನಗುವವರೂ ಯಾರ ಕಣ್ಣಿನಿಂದ ಅಳುತ್ತಾರೆ, ಯಾರ ಬಾಯಿಂದ ನಗುತ್ತಾರೆ? ನಮ್ಮ ಅಭಿಪ್ರಾಯದಲ್ಲಿ ಆ ಕಣ್ಣೀರೂ ಎರವಲು, ಆ ನಗೆಯೂ ಎರವಲು. ಎರವಲು ತಂದ ಒಡವೆಯು ಜಾತ್ರೆಗಾದೀತು, ಜೀವನಕ್ಕಾಗದು. ಈ ಮಾತನ್ನು ವಾಚಕರೆದುರಿಗೆ ಸಪ್ರಮಾಣವಾಗಿ ಇಡಬೇಕೆಂಬದೇ ಈ ಲೇಖನದ ಉದ್ದೇಶವು.

ಮೊದಲು ನಗುವವರ ಪಕ್ಷವನ್ನು ವಿಚಾರಿಸೋಣ. ಐಟಿ ಕಂಪನಿಗಳ ಗಾಜಿನ ಮಹಡಿಗಳಲ್ಲಿ ಕುಳಿತು ದುಡಿಯುವ ವಿದ್ಯಾವಂತರಲ್ಲಿ ಹಲವರ ವಾದವು ಹೀಗಿರುವದು: ಕಮ್ಯುನಿಸಮ್ಮು ಬಡತನವನ್ನಲ್ಲದೆ ಬೇರೇನನ್ನೂ ಹುಟ್ಟಿಸಲಿಲ್ಲ, ಸರಕಾರವು ಕೈಹಾಕಿದ ಕಡೆಗೆ ಹುಲ್ಲೂ ಬೆಳೆಯುವದಿಲ್ಲ, ಬೆಂಗಳೂರು ಬೆಳೆದದ್ದು ಸರಕಾರವು ದೂರ ನಿಂತದ್ದರಿಂದ, ಆದುದರಿಂದ ಇಂತಹ ಮುದುಕನು ಸತ್ತರೆ ಭೂಮಿಯ ಭಾರವು ಇಳಿಯಿತು. ಈ ವಾದವನ್ನಾಡುವವರು ತಾವು ನಿಂತ ನೆಲದ ಚರಿತ್ರೆಯನ್ನೇ ಓದಿಲ್ಲವೆಂದು ಹೇಳದೆ ಗತ್ಯಂತರವಿಲ್ಲ. ಎಲೆಕ್ಟ್ರಾನಿಕ್ ಸಿಟಿಯನ್ನು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ೩೩೨ ಎಕರೆ ನೆಲದಲ್ಲಿ ಸ್ಥಾಪಿಸಿದ್ದು ಯಾವದೊಂದು ಖಾಸಗಿ ಕಂಪನಿಯಲ್ಲ, ಕರ್ನಾಟಕ ಸರಕಾರದ ಕಿಯೋನಿಕ್ಸ್ ಸಂಸ್ಥೆ. ಅದನ್ನು ೧೯೭೦ರ ದಶಕದಲ್ಲಿ ಕನಸಾಗಿ ಕಂಡವರು ಆ ಸಂಸ್ಥೆಯ ಅಧಿಕಾರಿ ಆರ್. ಕೆ. ಬಾಳಿಗರು. ಹಿಂದುಸ್ಥಾನ್ ಏರ್‌ಕ್ರಾಫ್ಟ್ (೧೯೪೦), ದೂರವಾಣಿಯ ಐಟಿಐ (೧೯೪೮), ಗಡಿಯಾರದ ಎಚ್‌ಎಮ್‌ಟಿ (೧೯೫೩), ಬಿಇಎಲ್ (೧೯೫೪) ಇವುಗಳಲ್ಲಿ ದುಡಿದ ಯಂತ್ರಕುಶಲರಿಂದಲೇ ಈ ಊರಿನ ಕಸುಬಿನ ಅಡಿಪಾಯವು ಬಿದ್ದಿತು. ಪೀಣ್ಯದ ಸಣ್ಣ ಲೇತು, ಪ್ರೆಸ್ಸುಗಳ ಷೆಡ್ಡುಗಳಲ್ಲಿ ಎಷ್ಟೋ ಇಂತಹ ದೊಡ್ಡ ಕಾರಖಾನೆಗಳಿಗೆ ಬಿಡಿಭಾಗಗಳನ್ನು ಮಾಡಿಕೊಟ್ಟು ಬದುಕಿದವು. ಸರಕಾರದ ಕೈಯನ್ನು ಹಿಡಿದು ಮೆಟ್ಟಲೇರಿದವರು ಮೇಲಿನ ಮೆಟ್ಟಲಿನಿಂದ ಆ ಕೈಯನ್ನೇ ಹಳಿಯುವದು ನ್ಯಾಯವಲ್ಲ.

ಇನ್ನು ಕ್ಯೂಬಾ ಏನನ್ನೂ ಹುಟ್ಟಿಸಲಿಲ್ಲವೆಂಬ ಮಾತು. ಇದಕ್ಕೆ ಉತ್ತರವು ಹೊಸೂರು ರಸ್ತೆಯಲ್ಲಿಯೇ ಇರುವದು. ಹವಾನಾದ ಅಣುರೋಗನಿರೋಧ ಸಂಶೋಧನ ಕೇಂದ್ರದ ವಾಣಿಜ್ಯಶಾಖೆಯೂ, ಎಲೆಕ್ಟ್ರಾನಿಕ್ ಸಿಟಿಯ ಮಗ್ಗುಲಿನ ಬಯೋಕಾನ್ ಕಂಪನಿಯೂ ಕೂಡಿ ಒಂದು ಜಂಟಿ ಉದ್ಯಮವನ್ನು ಕಟ್ಟಿದವು. ೨೦೦೬ರಲ್ಲಿ ನಿಮೋಟುಜುಮ್ಯಾಬ್ ಎಂಬ ಔಷಧವನ್ನು ಭಾರತದ ಪೇಟೆಗೆ ತಂದವು. ತಲೆ, ಕುತ್ತಿಗೆ, ಬಾಯಿಗಳ ಕ್ಯಾನ್ಸರಿನ ಜೀವಕೋಶಗಳು ಬೆಳೆಯಲು ಬೇಕಾದ ಸಂಕೇತವನ್ನು ತಮ್ಮ ಮೇಲ್ಮೈಯ ಒಂದು ಗ್ರಾಹಕದ ಮೂಲಕ ಪಡೆಯುತ್ತವೆ. ಈ ಔಷಧದ ಪ್ರತಿಕಾಯವು ಆ ಗ್ರಾಹಕಕ್ಕೆ ಅಂಟಿಕೊಂಡು ಸಂಕೇತದ ದಾರಿಯನ್ನು ಮುಚ್ಚುತ್ತದೆ. ತಂಬಾಕು, ಗುಟಕಾಗಳ ದೆಸೆಯಿಂದ ಬಾಯಿಯ ಕ್ಯಾನ್ಸರು ಮನೆಮನೆಯ ದುಃಖವಾಗಿರುವ ನಮ್ಮ ದೇಶಕ್ಕೆ ಈ ಔಷಧದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ದ್ವೀಪದ ಪ್ರಯೋಗಶಾಲೆಯಿಂದ ಬಂದ ಇಟೋಲಿಜುಮ್ಯಾಬ್ ಎಂಬ ಇನ್ನೊಂದು ಪ್ರತಿಕಾಯವನ್ನು ೨೦೧೩ರಲ್ಲಿ ಸೋರಿಯಾಸಿಸ್ ಎಂಬ ಚರ್ಮರೋಗಕ್ಕಾಗಿ ಬಯೋಕಾನ್ ಪೇಟೆಗೆ ತಂದಿತು. ೨೦೨೦ರ ಕೋವಿಡ್ ಪಿಡುಗಿನಲ್ಲಿ ಅದನ್ನು ತುರ್ತು ಬಳಕೆಗೆ ಭಾರತದ ಔಷಧ ನಿಯಂತ್ರಕರು ಒಪ್ಪಿದರು. ಅಮೇರಿಕೆಯ ವ್ಯಾಪಾರ ನಿರ್ಬಂಧದ ನಡುವೆ, ಸಕ್ಕರೆ ಬೆಳೆಯುವ ಒಂದು ಸಣ್ಣ ದ್ವೀಪವು ಇಂತಹ ವಿದ್ಯೆಯನ್ನು ಗಳಿಸಿದ್ದು ಆಕಸ್ಮಿಕವಲ್ಲ. ೧೯೮೧ರಿಂದ ಜೀವತಂತ್ರ ಸಂಶೋಧನೆಗೆ ಹಣವನ್ನೂ ಜನರನ್ನೂ ಕೊಟ್ಟವರು ಕ್ಯಾಸ್ಟ್ರೋ ಅವರೇ. ೧೯೬೧ರ ಒಂದೇ ವರ್ಷದಲ್ಲಿ ಏಳು ಲಕ್ಷಕ್ಕೂ ಮಿಕ್ಕಿದ ವಯಸ್ಕರಿಗೆ ಅಕ್ಷರ ಕಲಿಸಿದ ಆಂದೋಲನವು ನಡೆಯದಿದ್ದರೆ ಆ ವಿಜ್ಞಾನಿಗಳು ಎಲ್ಲಿಂದ ಹುಟ್ಟುತ್ತಿದ್ದರು? ಗೇಲಿ ಮಾಡುವವರು ಒಮ್ಮೆ ವೈಟ್‌ಫೀಲ್ಡಿನ ಎತ್ತರದ ವಸತಿಗಳ ಹಿಂದಿನ ತಗಡಿನ ಷೆಡ್ಡುಗಳನ್ನು ನೋಡಲಿ, ಆ ಮಹಡಿಗಳನ್ನು ಕಟ್ಟುವ ಕೂಲಿಕಾರರ ಎಷ್ಟು ಮಕ್ಕಳು ಶಾಲೆಗೆ ಹೋಗುತ್ತವೆಂದು ಎಣಿಸಲಿ, ಆಮೇಲೆ ನಗಲಿ.

ಇಷ್ಟನ್ನು ಓದಿ ಅಳುವವರ ಪಕ್ಷವು ಹಿಗ್ಗಬೇಕಾದ ಕಾರಣವಿಲ್ಲ. ಅವರ ಲೆಕ್ಕವೂ ಬಾಕಿ ಇರುವದು.

ಇವರಲ್ಲಿ ಒಂದು ಬಗೆಯವರು ಅಂಗಿಯ ಮೇಲೆ ಚೆ ಗುವೇರಾನ ಚಿತ್ರವನ್ನು ತೊಟ್ಟುಕೊಂಡು ಕ್ರಾಂತಿಯು ತಮ್ಮ ಎದೆಯಲ್ಲಿಯೇ ಇರುವದೆಂದು ಭಾವಿಸಿದವರು; ಅವರನ್ನು ಬಿಡೋಣ. ಇನ್ನೊಂದು ಬಗೆಯವರು ನಿಜವಾಗಿ ದುಡಿಯುವವರು, ಕಾರ್ಮಿಕ ಸಂಘಗಳನ್ನು ಕಟ್ಟುವವರು, ಲಾಠಿಯ ಪೆಟ್ಟನ್ನೂ ತಿಂದವರು. ಅವರ ಪ್ರಾಮಾಣಿಕತೆಯನ್ನು ನಾವು ಮನ್ನಿಸುತ್ತೇವೆ. ಆದುದರಿಂದಲೇ ಅವರಿಗೆ ಕಠಿಣವಾದ ಪ್ರಶ್ನೆಯನ್ನು ಕೇಳುತ್ತೇವೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ನೀವು ಬೇಡುವ ಹಕ್ಕು ಯಾವದು? ಮಾಲೀಕನ ಅಪ್ಪಣೆಯಿಲ್ಲದೆ ಸಂಘ ಕಟ್ಟುವ ಹಕ್ಕು, ಕೆಲಸ ನಿಲ್ಲಿಸುವ ಹಕ್ಕು, ಬಾಗಿಲೆದುರಿಗೆ ನಿಂತು ಕೂಗುವ ಹಕ್ಕು. ಕ್ಯಾಸ್ಟ್ರೋ ಅವರ ದ್ವೀಪದಲ್ಲಿ ಈ ಮೂರರಲ್ಲಿ ಯಾವದಿತ್ತು? ಅಲ್ಲಿ ಕಾರ್ಮಿಕ ಸಂಘವು ಒಂದೇ. ಅದು ಪಕ್ಷದ ಅಧೀನವಾದದ್ದು. ಮಾಲೀಕನೂ ಸರಕಾರವೇ, ಸಂಘವೂ ಸರಕಾರವೇ, ನ್ಯಾಯಾಧೀಶನೂ ಸರಕಾರವೇ ಆದ ಮೇಲೆ ಕಾರ್ಮಿಕನು ಯಾರ ಮೇಲೆ ಯಾರಲ್ಲಿ ದೂರಬೇಕು?

ಕ್ಯೂಬಾದ ಹಣೆಯ ಮೇಲಿನ ಬರಹವನ್ನು ಶತ್ರುಗಳ ಕಟ್ಟುಕತೆಯೆಂದು ಒರೆಸಿಹಾಕಲು ಬಾರದು. ೧೯೬೫ರಿಂದ ಮೂರು ವರ್ಷ ನಡೆದ ದುಡಿಮೆಯ ಶಿಬಿರಗಳಲ್ಲಿ ಸಲಿಂಗರತಿಯವರನ್ನೂ ದೈವಭಕ್ತರನ್ನೂ ಕೂಡಿಹಾಕಲಾಯಿತು. ಸಲಿಂಗರತಿಯವರಿಗಾದ ಅನ್ಯಾಯದ ಹೊಣೆಯು ತನ್ನದೆಂದು ಕ್ಯಾಸ್ಟ್ರೋ ಅವರೇ ೨೦೧೦ರಲ್ಲಿ ಒಪ್ಪಿಕೊಂಡರು. ೧೯೮೦ರಲ್ಲಿ ಮಾರಿಯೆಲ್ ಬಂದರದಿಂದ ಸುಮಾರು ೧,೨೫,೦೦೦ ಜನರು ತಮ್ಮ ತಾಯ್ನೆಲವನ್ನು ತೊರೆದು ಹೋದರು. ೨೦೦೩ರ ವಸಂತದಲ್ಲಿ ೭೫ ಜನ ಪತ್ರಕರ್ತರನ್ನೂ ಭಿನ್ನಮತೀಯರನ್ನೂ ಸೆರೆಗೆ ತಳ್ಳಲಾಯಿತು. ರೌಲರ ಕಾಲದಲ್ಲಿ, ೨೦೧೦ರ ಫೆಬ್ರುವರಿ ೨೩ರಂದು, ಒರ್ಲಾಂಡೋ ಜಪಾಟಾ ತಮಾಯೋ ಎಂಬ ಕೈದಿಯು ಉಪವಾಸ ಮಾಡಿ ಪ್ರಾಣಬಿಟ್ಟನು. ೨೦೨೧ರ ಜುಲೈ ೧೧ರಂದು ಅನ್ನ, ಔಷಧ, ವಿದ್ಯುತ್ತುಗಳಿಗಾಗಿ ಬೀದಿಗಿಳಿದ ಜನರಲ್ಲಿ ನೂರಾರು ಜನರು ಸೆರೆಮನೆ ಸೇರಿದರು. ನಿರ್ಬಂಧವನ್ನು ಹೇರಿದ್ದು ಅಮೇರಿಕೆಯೆಂಬದು ಸತ್ಯ; ಅದು ಅನ್ಯಾಯವೆಂದು ವಿಶ್ವಸಂಸ್ಥೆಯ ಮಹಾಸಭೆಯು ೧೯೯೨ರಿಂದ ಹೇಳುತ್ತ ಬಂದದ್ದೂ ಸತ್ಯ. ಆದರೆ ಪತ್ರಕರ್ತನ ಬಾಯಿಗೆ ಬಟ್ಟೆ ತುರುಕಿದ್ದು ಅಮೇರಿಕೆಯಲ್ಲ.

ಉಪವಾಸದ ಮಾತು ಬಂದಾಗ ಕನ್ನಡಿಗನು ಒಂದು ಗಳಿಗೆ ನಿಂತು ಯೋಚಿಸಬೇಕು. ೧೯೫೩ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರು ಕರ್ನಾಟಕದ ಏಕೀಕರಣಕ್ಕಾಗಿ ಉಪವಾಸ ಕುಳಿತರು, ಹುಬ್ಬಳ್ಳಿಯಲ್ಲಿ ಜನರು ಸಿಡಿದೆದ್ದರು, ಪತ್ರಿಕೆಗಳು ಬರೆದವು, ದಿಲ್ಲಿಯು ಕಿವಿಗೊಡಲೇಬೇಕಾಯಿತು, ೧೯೫೬ರ ನವೆಂಬರ ೧ರಂದು ಹರಿದು ಹಂಚಿಹೋಗಿದ್ದ ಸೀಮೆಗಳು ಒಂದಾದವು. ಮುಂಬಯಿ, ಮದರಾಸು, ಹೈದರಾಬಾದು, ಕೊಡಗು, ಮೈಸೂರುಗಳಲ್ಲಿ ಚೆದುರಿಹೋಗಿದ್ದ ಜನರು ಒಂದು ಗುಂಡನ್ನೂ ಹಾರಿಸದೆ, ಬರಿಯ ಮಾತಿನಿಂದ, ಮನವಿಯಿಂದ, ಸಭೆಯಿಂದ, ಉಪವಾಸದಿಂದ ತಮ್ಮ ನಾಡನ್ನು ಪಡೆದರು. ಸಭೆ ಸೇರುವದು ಅಪರಾಧವಾದ ದೇಶದಲ್ಲಿ ಇದು ಸಾಧ್ಯವಾಗುತ್ತಿತ್ತೇ? ಮಾತಿನ ಸ್ವಾತಂತ್ರ್ಯವು ಹೊಟ್ಟೆ ತುಂಬಿದವರ ಚಪಲವೆಂದು ಹೇಳುವವರು ಕನ್ನಡನಾಡು ಹುಟ್ಟಿದ ಬಗೆಯನ್ನೇ ಮರೆತವರು.

ಕನ್ನಡನಾಡಿನ ಚರಿತ್ರೆಯು ಹಳೆಯದಾಯಿತೆಂದು ಯಾರಾದರೂ ಹೇಳಿದರೆ ಅವರಿಗೆ ಕ್ಯಾಸ್ಟ್ರೋ ಸತ್ತ ವರ್ಷದ್ದೇ ಆದ ದೃಷ್ಟಾಂತವನ್ನು ಕೊಡುತ್ತೇವೆ. ೨೦೧೬ರ ಫೆಬ್ರುವರಿಯಲ್ಲಿ ಕೇಂದ್ರ ಸರಕಾರವು ಪಿಎಫ್ ಹಣದಲ್ಲಿ ಮಾಲೀಕರ ಪಾಲನ್ನು ೫೮ ವಯಸ್ಸಿನವರೆಗೆ ಹಿಂದೆಗೆಯಬಾರದೆಂದು ನಿಯಮ ಮಾಡಿತು. ಏಪ್ರಿಲ್ ೧೮, ೧೯ರಂದು ಬೆಂಗಳೂರಿನ ಗಾರ್ಮೆಂಟ್ಸಿನ ಹೆಣ್ಣುಮಕ್ಕಳು ಸಾವಿರ ಸಾವಿರವಾಗಿ ಕಾರಖಾನೆಗಳಿಂದ ಹೊರಬಿದ್ದು ಹೊಸೂರು ರಸ್ತೆಯನ್ನೂ ತುಮಕೂರು ರಸ್ತೆಯನ್ನೂ ತಡೆದು ನಿಂತರು. ಅವರನ್ನು ಕರೆದುತಂದ ದೊಡ್ಡ ಪಕ್ಷವಿರಲಿಲ್ಲ, ದೊಡ್ಡ ಯೂನಿಯನ್ನೂ ಇರಲಿಲ್ಲ. ಮಗಳ ಮದುವೆಗೆ, ಗಂಡನ ಔಷಧಕ್ಕೆ, ಊರಿನ ಸಾಲಕ್ಕೆ ಆ ಹಣವಲ್ಲದೆ ಬೇರೆ ಗಂಟಿಲ್ಲವೆಂಬ ಲೆಕ್ಕವೇ ಅವರಿಗೆ ಮುಖಂಡನಾಗಿತ್ತು. ಲಾಠಿ ಬೀಸಿತು, ಅಶ್ರುವಾಯು ಹಾರಿತು, ವಾಹನಗಳು ಉರಿದವು; ಬೆಂಕಿಯನ್ನು ನಾವು ಹೊಗಳುವದಿಲ್ಲ. ಆದರೆ ಎರಡೇ ದಿನದಲ್ಲಿ ದಿಲ್ಲಿಯ ಸರಕಾರವು ಆ ನಿಯಮವನ್ನು ಹಿಂದಕ್ಕೆ ಪಡೆಯಿತು. ಮಾರ್ಕ್ಸನನ್ನು ಓದದ ಆ ಹೆಣ್ಣುಮಕ್ಕಳು ಗೆದ್ದದ್ದು ಯಾವದರ ಬಲದಿಂದ? ಕೂಗಿದರೆ ಕೇಳಲೇಬೇಕಾದ, ಮತಕ್ಕೆ ಅಂಜುವ ಒಂದು ಆಳಿಕೆಯು ಇದ್ದದ್ದರಿಂದ. ಹವಾನಾದಲ್ಲಿ ಅದೇ ಕೂಗಿಗೆ ಏನಾಯಿತೆಂಬದನ್ನು ೨೦೨೧ರ ಜುಲೈ ತಿಂಗಳು ತೋರಿಸಿಕೊಟ್ಟಿತು.

ಹಾಗಾದರೆ ಮಾತಿನ ಸ್ವಾತಂತ್ರ್ಯವನ್ನು ಹೊಗಳುವ ನಗುವವರ ಪಕ್ಷವು ಗೆದ್ದಂತಾಯಿತೇ? ಇಲ್ಲ. ಅವರ ಸ್ವಾತಂತ್ರ್ಯಪ್ರೇಮವು ಹವಾನಾದವರೆಗೆ ಹಾರಿಹೋಗುತ್ತದೆ. ತಮ್ಮ ಕಂಪನಿಯ ಕಾವಲುಗಂಬದ ಬಳಿಗೆ ಬಂದೊಡನೆ ಕುಂಟತೊಡಗುತ್ತದೆ. ಕೆಲಸದ ಹೊತ್ತು, ರಜೆ, ತಪ್ಪಿಗೆ ವಿಚಾರಣೆ, ವಜಾ ಮಾಡುವ ಬಗೆ ಇವುಗಳನ್ನು ಬರೆದಿಟ್ಟು ನಡೆಯಬೇಕೆಂಬದು ೧೯೪೬ರ ಸ್ಥಾಯೀ ಆಜ್ಞೆಗಳ ಕಾಯಿದೆಯ ವಿಧಿಯಾಗಿತ್ತು. ಐಟಿ ಕಂಪನಿಗಳಿಗೆ ಕರ್ನಾಟಕ ಸರಕಾರವು ಅದರಿಂದ ವಿನಾಯಿತಿಯನ್ನು ಕೊಟ್ಟು, ಮತ್ತೆ ಮತ್ತೆ ವಿಸ್ತರಿಸುತ್ತ, ೨೦೨೪ರ ಮಾರ್ಚಿನಲ್ಲಿ ಇನ್ನೂ ಐದು ವರ್ಷ ಮುಂದುವರಿಸಿತು. ಅದೇ ವರ್ಷದ ಜುಲೈಯಲ್ಲಿ ದಿನದ ದುಡಿಮೆಯನ್ನು ೧೪ ಗಂಟೆಗಳವರೆಗೆ ಎಳೆಯುವ ಪ್ರಸ್ತಾಪವು ಹೊರಬಿದ್ದಿತು. ೨೦೧೭ರಲ್ಲಿ ನೋಂದಣಿಯಾಗಿದ್ದ ಐಟಿ ನೌಕರರ ಸಂಘವು ಅದನ್ನು ಪ್ರತಿಭಟಿಸಿತು. ೨೦೨೫ರ ನವೆಂಬರ ೨೧ರಿಂದ ಹಳೆಯ ಕಾಯಿದೆಯ ಸ್ಥಾನದಲ್ಲಿ ಕೈಗಾರಿಕಾ ಸಂಬಂಧಗಳ ಹೊಸ ಸಂಹಿತೆಯು ಜಾರಿಗೆ ಬಂದಿರುವದು. ಅದರಲ್ಲಿ ಸ್ಥಾಯೀ ಆಜ್ಞೆಗಳ ವಿಧಿಯು ೩೦೦ ಅಥವಾ ಅದಕ್ಕೂ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಮಾತ್ರ ಅನ್ವಯಿಸುವದು. ಪೀಣ್ಯದ ಸಣ್ಣ ಷೆಡ್ಡಿನ ಕಾರ್ಮಿಕನು ಆ ಗೆರೆಯ ಕೆಳಗೇ ಉಳಿದನು. ಕ್ಯೂಬಾದಲ್ಲಿ ಸಂಘವಿಲ್ಲವೆಂದು ಮರುಗುವ ಮಹಾನುಭಾವರಿಗೆ ತಮ್ಮ ಮೇಜಿನ ಪಕ್ಕದವನು ಸಂಘ ಸೇರಿದರೆ ಮಾತ್ರ ಯಾಕೆ ಮುಖ ಕಪ್ಪಿಡಬೇಕು? ಅಲ್ಲಿ ಸರಕಾರವು ಬಾಯಿ ಮುಚ್ಚಿಸಿದರೆ ಅದು ದಬ್ಬಾಳಿಕೆ. ಇಲ್ಲಿ ಕೆಲಸ ಹೋಗುವ ಭಯವು ಬಾಯಿ ಮುಚ್ಚಿಸಿದರೆ ಅದು ಶಿಸ್ತು! ಎರಡು ತಕ್ಕಡಿಗಳನ್ನಿಟ್ಟುಕೊಂಡ ವರ್ತಕನನ್ನು ಸಂತೆಯವರು ನಂಬುವದಿಲ್ಲ.

ಮೂರನೆಯ ಪಕ್ಷವೊಂದುಂಟು, ಅದೇ ಎಲ್ಲಕ್ಕಿಂತ ದೊಡ್ಡದು. ಎಲ್ಲಿಯ ಕ್ಯೂಬಾ, ಎಲ್ಲಿಯ ನಾವು, ನಮಗೇಕೆ ಆ ಗೊಡವೆ ಎನ್ನುವವರ ಪಕ್ಷ. ಇವರ ಮೇಲೆ ನಮಗೆ ಕೋಪವಿಲ್ಲ. ಕ್ಯಾಸ್ಟ್ರೋ ತೀರಿಕೊಂಡ ವಾರದಲ್ಲಿ ನಮ್ಮ ದೇಶದಲ್ಲಿ ಐನೂರು, ಸಾವಿರ ರೂಪಾಯಿಗಳ ನೋಟುಗಳು ರದ್ದಾಗಿ ಮೂರನೆಯ ವಾರವು ನಡೆದಿತ್ತು. ಕೈಯಲ್ಲಿ ನಗದಿಲ್ಲದೆ ಸಣ್ಣ ಕಾರಖಾನೆಗಳ ಬಟವಾಡೆಯು ತಡೆದು ನಿಂತ ಆ ದಿನಗಳಲ್ಲಿ, ಬ್ಯಾಂಕಿನೆದುರಿನ ಸಾಲಿನಲ್ಲಿ ನಿಂತ ಕೂಲಿಕಾರನಿಗೆ ಹವಾನಾದ ಶವಯಾತ್ರೆಯು ಕಾಣದೆ ಹೋದದ್ದು ಅವನ ದೋಷವಲ್ಲ. ಆದರೆ ವಿದ್ಯಾವಂತರಾಗಿದ್ದೂ ಉದಾಸೀನರಾದವರಿಗೆ ಹೇಳುವದಿಷ್ಟು: ಆ ದ್ವೀಪದ ಔಷಧವು ನಿಮ್ಮ ಊರಿನಲ್ಲಿ ತಯಾರಾಗಿ ನಿಮ್ಮ ಬಂಧುವಿನ ರಕ್ತವನ್ನು ಸೇರಬಹುದು, ಆ ದ್ವೀಪದ ಸೆರೆಮನೆಯ ರೀತಿಯು ನಿಮ್ಮ ಉದಾಸೀನತೆಯಿಂದಲೇ ನಿಮ್ಮ ಊರಿಗೂ ಬರಬಹುದು. ಸಂಬಂಧವಿಲ್ಲವೆಂಬ ಮಾತು ಸುಳ್ಳು.

ಇನ್ನು ನಮ್ಮ ತೀರ್ಪನ್ನು ಹೇಳುವದು ಅವಶ್ಯವಾಗಿರುವದು. ಅನ್ನವೋ ಮಾತೋ ಎಂದು ಕೇಳುವ ಪ್ರಶ್ನೆಯೇ ಮೋಸದ ಪ್ರಶ್ನೆ. ಅನ್ನ ಕೊಟ್ಟೆನು, ಆದುದರಿಂದ ಮಾತನಾಡಬೇಡವೆಂದು ಕ್ಯಾಸ್ಟ್ರೋ ಅವರ ಆಳಿಕೆಯು ಹೇಳಿತು. ಮಾತನಾಡಲು ಬಿಟ್ಟೆನು, ಆದುದರಿಂದ ಅನ್ನ ಕೇಳಬೇಡವೆಂದು ನಮ್ಮ ಹೊಸ ಸಿರಿವಂತಿಕೆಯು ಹೇಳುತ್ತದೆ. ಇವೆರಡೂ ಒಂದೇ ನಾಣ್ಯದ ಎರಡು ಮುಖಗಳು. ಎರಡರಲ್ಲಿಯೂ ಆಳುವವನ ತಲೆಯೇ ಅಚ್ಚಾಗಿರುವದು. ಮಾತು ಸತ್ತ ಕಡೆಗೆ ಅನ್ನವೂ ಕೊನೆಗೆ ಉಳಿಯುವದಿಲ್ಲ. ಯಾಕೆಂದರೆ ಅನ್ನ ತಪ್ಪಿದಾಗ ಕೂಗುವವರು ಇರುವದಿಲ್ಲ. ೨೦೨೪ರ ಅಕ್ಟೋಬರಿನಲ್ಲಿ ಇಡೀ ಕ್ಯೂಬಾ ವಿದ್ಯುತ್ತಿಲ್ಲದೆ ಕತ್ತಲಲ್ಲಿ ಮುಳುಗಿದ್ದಕ್ಕೆ ನಿರ್ಬಂಧವು ಒಂದು ಕಾರಣ. ದಶಕಗಳ ಕಾಲ ಆಳುವವರ ತಪ್ಪನ್ನು ತೋರಿಸುವ ಬಾಯಿಗಳನ್ನು ಮುಚ್ಚಿದ್ದೂ ಇನ್ನೊಂದು ಕಾರಣ. ಅದರಂತೆ ಅನ್ನವಿಲ್ಲದ ಕಡೆಗೆ ಮಾತೂ ಬಹುಕಾಲ ಉಳಿಯುವದಿಲ್ಲ. ಹಸಿದವನ ಮತವು ಪೇಟೆಗೆ ಬರುತ್ತದೆ.

ಒಂದು ವಿಷಯದಲ್ಲಿ ಕ್ಯಾಸ್ಟ್ರೋ ಅವರನ್ನು ನಮ್ಮ ಮುಖಂಡರು ಅನುಕರಿಸಬಹುದು. ತನ್ನ ಹೆಸರನ್ನು ಬೀದಿಗಿಡಬಾರದು, ತನ್ನ ಪ್ರತಿಮೆಯನ್ನು ನಿಲ್ಲಿಸಬಾರದು ಎಂಬದು ಅವರ ಕಡೆಯ ಇಚ್ಛೆಯಾಗಿತ್ತು. ಅವರು ಸತ್ತ ತಿಂಗಳೊಪ್ಪತ್ತಿನಲ್ಲಿ ಕ್ಯೂಬಾದ ಶಾಸನಸಭೆಯು ಅದನ್ನು ಕಾಯಿದೆಯನ್ನಾಗಿ ಮಾಡಿತು. ಬದುಕಿರುವಾಗಲೇ ವೃತ್ತಗಳಿಗೂ ಬಸ್ ನಿಲ್ದಾಣಗಳಿಗೂ ಹೆಸರಿಡಿಸಿಕೊಳ್ಳುವವರು ಇದನ್ನು ಓದಲಿ. ಆದರೆ ಪ್ರತಿಮೆಯನ್ನು ಬೇಡವೆಂದವರು ಟೀಕೆಯನ್ನೂ ಬೇಡವೆಂದರು. ಅಲ್ಲಿಯೇ ಅವರ ದೊಡ್ಡತನವು ಕುಂದಿತು.

ಕನ್ನಡಿಗರೇ, ಇನ್ನೂ ಎಷ್ಟೋ ದೊಡ್ಡವರು ಸಾಯಲಿರುವರು. ಅವರ ಸಾವಿನಲ್ಲಿ ಅಳಬೇಕೆಂದು ಒಬ್ಬರು, ನಗಬೇಕೆಂದು ಇನ್ನೊಬ್ಬರು ನಿಮ್ಮ ಮುಂದೆ ಬರುವರು. ಅವರ ಮುಂದೆ ಎರಡೇ ಪ್ರಶ್ನೆಗಳನ್ನಿಡಿರಿ: ಇವನ ಆಳಿಕೆಯಲ್ಲಿ ಕಟ್ಟಕಡೆಯವನ ಮಗುವಿಗೆ ಅಕ್ಷರವೂ ಔಷಧವೂ ಸಿಕ್ಕವೇ? ಸಿಗದಾಗ ಆ ಕಟ್ಟಕಡೆಯವನು ಬೀದಿಯಲ್ಲಿ ನಿಂತು ಕೂಗಿ ಮನೆಗೆ ಮರಳಿ ಹೋಗಬಹುದಿತ್ತೇ? ಎರಡಕ್ಕೂ ಹೌದೆಂಬ ಉತ್ತರವು ಬಂದಲ್ಲಿ ಮನಸಾರೆ ಅಳಿರಿ. ಒಂದಕ್ಕೆ ಮಾತ್ರ ಬಂದಲ್ಲಿ ಆ ಒಂದನ್ನು ಗೌರವಿಸಿ ಇನ್ನೊಂದನ್ನು ಖಂಡಿಸಿರಿ. ಮತ್ತು ಅದೇ ಎರಡು ಪ್ರಶ್ನೆಗಳನ್ನು ಸತ್ತವರಿಗಾಗಿ ಕಾಯದೆ, ಇಂದು ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳನ್ನಾಳುವ ಬದುಕಿದವರಿಗೂ ಕೇಳಿರಿ. ಸತ್ತವರಿಗೆ ಕೊಡುವ ತೀರ್ಪಿನಿಂದ ಸತ್ತವರಿಗೆ ಏನೂ ಆಗುವದಿಲ್ಲ. ಬದುಕಿದವರು ಅದನ್ನು ಕೇಳಿ ಎಚ್ಚರಾದರೆ ಸಾಕು.